ಗುರುವಯ್ಯನ ಎಡಗಿವಿ

ಗುರುವಯ್ಯನ ಎಡಗಿವಿ ಹೋದದ್ದು ಹೇಗೆ ಎಂದು ಗೋಣಿಬೀಡಿನಲ್ಲಿ ಕೇಳಿದರೆ ಅರ್ಧ ಊರು ಕರಡಿಯ ಹೆಸರು ಹೇಳುತ್ತದೆ. ಮಲ್ಲಂದೂರಿನ ಕಡೆ ಸೌದೆಗೆ ಹೋಗಿದ್ದನಂತೆ, ಕರಡಿ ಅಡ್ಡ ಬಂತಂತೆ, ಇವನು ಕತ್ತಿ ಬೀಸಿದನಂತೆ, ಅದು ಕಿವಿಗೇ ಬಾಯಿ ಹಾಕಿತಂತೆ. ನಿಜಸಂಗತಿಗೆ ಅಷ್ಟು ರುಚಿಯಿಲ್ಲ. ತೊಂಬತ್ತಮೂರರ ಸುಗ್ಗಿಯಲ್ಲಿ ಅವನು ಕಾಫಿ ಸಿಪ್ಪೆ ತೆಗೆಯುವ ಹಲ್ಲರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಿಲ್ಲಿನ ಬೆಲ್ಟು ಹಳೆಯದು; ಹರಿದಲ್ಲೆಲ್ಲ ಕಬ್ಬಿಣದ ಕೊಕ್ಕೆ ಹೊಡೆದು ಹೊಡೆದು ಬೆಲ್ಟಿಗಿಂತ ಕೊಕ್ಕೆಯೇ ಹೆಚ್ಚಾಗಿತ್ತು. ಒಂದು ಮಧ್ಯಾಹ್ನ ಅದು ಓಡುತ್ತ ಓಡುತ್ತಲೇ ಬಿಟ್ಟುಕೊಂಡಿತು. ತುದಿ ಚಾವಟಿಯ ಹಾಗೆ ಬೀಸಿ ಬಂದು, ಕಿವಿಯನ್ನು ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ರಕ್ತ ನಿಲ್ಲಿಸುವ ಗಡಿಬಿಡಿಯಲ್ಲಿ ಕಿವಿಯನ್ನು ಹುಡುಕಲು ಯಾರಿಗೂ ತೋಚಲಿಲ್ಲ. ಸಿಪ್ಪೆಯ ಜೊತೆಗೆ ಅದೂ ಯಾರದೋ ತೋಟದ ಗೊಬ್ಬರಕ್ಕೆ ಹೋಗಿರಬೇಕು.

ಮೊದಮೊದಲು ಗುರುವಯ್ಯ ಕೇಳಿದವರಿಗೆಲ್ಲ ತಿದ್ದಿ ಹೇಳುತ್ತಿದ್ದ. ಬೆಲ್ಟು ಎಂದ ಕೂಡಲೇ ಎದುರಿನವರ ಮುಖ, ಒಣಗಿದೆ ಎಂದು ನಂಬಿ ಕೊಂಡ ಕಾಫಿ ಹಸಿ ಎಂದು ಗೊತ್ತಾದಾಗ ವ್ಯಾಪಾರಿಯ ಮುಖ ಆಗುವ ಹಾಗೆ ಆಗುತ್ತಿತ್ತು. ಅದೂ ಅಲ್ಲದೆ ಬೆಲ್ಟು ಎಂದರೆ ಪ್ರಶ್ನೆ ಮುಗಿಯುವುದಿಲ್ಲ. ಮಿಲ್ಲು ಯಾರದು, ಓನರು ಏನಾದರೂ ಕೊಟ್ಟರಾ, ನೀನು ಅಲ್ಲಿ ಯಾಕೆ ನಿಂತಿದ್ದೆ? ಕರಡಿಯನ್ನು ಯಾರೂ ಹೀಗೆ ವಿಚಾರಣೆ ಮಾಡುವುದಿಲ್ಲ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತು.

"ಕರಡಿಯಾ ಗುರುವಯ್ಯ?"

"ಹೂಂ, ಕರಡಿ."

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕಿವಿ ಹೋದರೂ ತೂತು ಉಳಿದಿದ್ದರಿಂದ ಕೇಳಿಸುವುದಕ್ಕೆ ಅಡ್ಡಿಯಾಗಲಿಲ್ಲ. ಹೆಂಡತಿ ಯಲ್ಲಮ್ಮನ ಮಾತು ಮೊದಲಿನಷ್ಟೇ ಸ್ಪಷ್ಟವಾಗಿ ಬಂದು ಬೀಳುತ್ತಿತ್ತು. ತಲೆಗೆ ಟವೆಲು ಸುತ್ತಿಕೊಂಡರೆ ಊನ ಕಾಣುತ್ತಲೂ ಇರಲಿಲ್ಲ. ಆ ಕಿವಿಯ ಬೆಲೆ ಅವನಿಗೆ ತಿಳಿದದ್ದು ಬಹಳ ತಡವಾಗಿ, ಕಣ್ಣು ಮಂಜಾಗತೊಡಗಿದಾಗ.

ಅಷ್ಟರಲ್ಲಿ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕೆಂಬ ಕಟ್ಟು ಸಡಿಲಾಗಿ, ಯಾರು ಬೇಕಾದರೂ ಕೊಳ್ಳಬಹುದು ಎಂದಾಗಿತ್ತು. ಮೂಡಿಗೆರೆಯಿಂದ ಕಳಸದವರೆಗೆ ರಸ್ತೆಬದಿಯಲ್ಲೆಲ್ಲ ಗೋಡೌನುಗಳು ಎದ್ದವು. ನಿನ್ನೆ ಸಂಜೆಯವರೆಗೆ ಉಪ್ಪು, ಸೀಮೆಎಣ್ಣೆ ಅಳೆಯುತ್ತಿದ್ದವರು ಬೆಳಗಾಗುವಷ್ಟರಲ್ಲಿ ಲಂಡನ್ನಿನ ಕಾಫಿ ರೇಟು ಹೇಳತೊಡಗಿದರು. ಬಸವರಾಜಪ್ಪ ಅಂಥವರಲ್ಲಿ ಒಬ್ಬರು. ಗೋಣಿಬೀಡಿನಲ್ಲಿ ಅವರದು ದೊಡ್ಡ ಅಂಗಳ, ತಗಡಿನ ಮಾಡಿನ ಗೋಡೌನು. ಮಿಲ್ಲಿನಿಂದ ಹೊರಬಿದ್ದಿದ್ದ ಗುರುವಯ್ಯನನ್ನು ಅವರು ಸ್ಯಾಂಪಲ್ ನೋಡುವುದಕ್ಕೆ ಇಟ್ಟುಕೊಂಡರು.

ಸ್ಯಾಂಪಲ್ ನೋಡುವುದೆಂದರೆ ಬಗ್ಗುವುದು. ಬೆಳೆಗಾರನ ಜೀಪಿನಿಂದ ಇಳಿದ ಒಂದೊಂದು ಮೂಟೆಯ ಮೇಲೂ ಬಗ್ಗಿ, ಕಬ್ಬಿಣದ ಕೊಳವೆ ಚುಚ್ಚಿ, ಹೊಟ್ಟೆಯಾಳದ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡಬೇಕು. ಕಪ್ಪು ಎಷ್ಟು, ಜಳ್ಳು ಎಷ್ಟು, ಹಲ್ಲಲ್ಲಿ ಕಚ್ಚಿದರೆ ಟಕ್ಕೆನ್ನುತ್ತದೋ ಮೆತ್ತಗಾಗುತ್ತದೋ. ಅವನು ಹೇಳಿದ ಮೇಲೆ ಬಸವರಾಜಪ್ಪ ದರ ಹೇಳುವುದು. ಕಮ್ಮಿ ಹೇಳಿದರೆ ಬೆಳೆಗಾರ ಬೈಯುತ್ತಾನೆ, ಹೆಚ್ಚು ಹೇಳಿದರೆ ಸಾಹುಕಾರರು. ಇಬ್ಬರೂ ಸಮನಾಗಿ ಬೈದ ದಿನ ಕೆಲಸ ಸರಿಯಾಗಿದೆ ಎಂದು ಲೆಕ್ಕ. ಮಿಲ್ಲಿನ ಕೂಲಿಗೆ ಹೋಲಿಸಿದರೆ ಮರ್ಯಾದೆಯ ಕೆಲಸವೇ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಕೂಡ ಅವನಿಗೆ ಬೀಡಿ ಕೊಟ್ಟು ಮಾತಾಡಿಸುತ್ತಿದ್ದರು.

ಆಮೇಲೆ ಬಂತು ಕಾಯಿಕೊರಕ. ಕಾಫಿ ಹಣ್ಣಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಸಂಸಾರ ಹೂಡುವ ಹುಳ. ಅದು ಈ ಬೆಟ್ಟಗಳಿಗೆ ಹಬ್ಬಿದ್ದಕ್ಕೂ ಗುರುವಯ್ಯನಿಗೆ ನಲವತ್ತೈದು ದಾಟಿದ್ದಕ್ಕೂ ಸರಿಹೋಯಿತು. ಹುಳ ಬಿದ್ದ ಒಂದು ಲೋಡು ಅವನ ಕಣ್ಣು ತಪ್ಪಿಸಿ ಹೋಯಿತು. ಮೂಡಿಗೆರೆಯಲ್ಲಿ ಕನ್ನಡಕ ಮಾಡಿಸಿದ. ತೂತು ಚೆನ್ನಾಗಿಯೇ ಕಂಡಿತು, ಆದರೆ ಕನ್ನಡಕ ಕೂರಲು ಎರಡು ಕಿವಿ ಕೇಳಿತು. ದಾರ ಕಟ್ಟಿದ, ಬಗ್ಗಿದರೆ ಜೋತುಬೀಳುತ್ತಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿದ. ಬಿಗಿಯಾದರೆ ಹಳೆಯ ಗಾಯದ ಜಾಗ ಬೆವರಿಗೆ ಕಿತ್ತು ಹುಣ್ಣಾಗುತ್ತಿತ್ತು, ಸಡಿಲಾದರೆ ಜಾರುತ್ತಿತ್ತು. ಒಂದು ದಿನ ಕನ್ನಡಕ ಬಾಯಿ ತೆರೆದ ಮೂಟೆಯೊಳಗೇ ಬಿತ್ತು. ಯಾರೂ ನೋಡಲಿಲ್ಲ. ಮೂಟೆ ಹೊಲಿದು ಲಾರಿ ಹತ್ತಿ ಕಾಫಿ ಹದಮಾಡಿ ವಿಂಗಡಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಯಿತು. ವಾರದ ನಂತರ ಲಾರಿ ಡ್ರೈವರು ಪೊಟ್ಟಣವೊಂದನ್ನು ತಂದು ಬಸವರಾಜಪ್ಪನವರ ಮೇಜಿನ ಮೇಲಿಟ್ಟ.

"ನಿಮ್ಮ ಕಾಫೀಲಿ ಕಲ್ಲು, ಕಡ್ಡಿ, ಕನ್ನಡಕ ಸಿಕ್ಕಿದಾವಂತೆ ಸಾವ್ಕಾರ್ರೆ. ಕಲ್ಲು ಕಡ್ಡಿ ಅಲ್ಲೇ ಬಿಸಾಕಿದ್ರಂತೆ."

ಅಂಗಳವೆಲ್ಲ ನಕ್ಕಿತು. ಬಸವರಾಜಪ್ಪನವರೂ ನಕ್ಕರು. ನಕ್ಕು ಮುಗಿಸಿ ಗುರುವಯ್ಯನನ್ನು ಒಳಗೆ ಕರೆದರು.

"ನೋಡು ಮಾರಾಯ, ನಗೋದು ಬೇರೆ. ಹುಳ ಬಿದ್ದಿದ್ದನ್ನ ಒಳ್ಳೆ ಕಾಫಿ ಅಂತ ಕಳಿಸಿದ್ರೆ ನನ್ನ ಮಾತಿಗೆ ಬೆಲೆ ಉಳಿಯಲ್ಲ. ಇನ್ನೊಂದು ಸುಗ್ಗಿ ನೋಡ್ತೀನಿ. ಆಗಲಿಲ್ಲ ಅಂದ್ರೆ ನೀನು ಮೂಟೆ ಹೊರೋ ಕಡೆ ಹೋಗು."

ಗುರುವಯ್ಯ ಹೂಂ ಎಂದ. ಮೂಟೆ ಹೊರುವ ಬೆನ್ನು ಅವನಿಗೆ ಇಪ್ಪತ್ತೈದಕ್ಕೆ ಇತ್ತು. ಐವತ್ತರ ಹತ್ತಿರ ಬಂದವನಿಗೆ ಮೂಟೆಯ ಕಡೆ ಹೋಗು ಎಂದರೆ ಮನೆಗೆ ಹೋಗು ಎಂದೇ ಅರ್ಥ. ಅದು ಇಬ್ಬರಿಗೂ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಕೊಟ್ಟಿಗೆಹಾರದ ಹತ್ತಿರದ ಬೆಳೆಗಾರ ಕೃಷ್ಣಪ್ಪಗೌಡರು ಉಳಿದ ಕಾಫಿ ತಂದಾಗ ಜೀಪಿನಲ್ಲಿ ಅವರ ಮಗಳು ಸೌಂದರ್ಯಳೂ ಇದ್ದಳು. ಘಟ್ಟದ ಕೆಳಗಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅವಳು ಡಾಕ್ಟರು. ಟ್ಯೂಬಿನ ಪಟ್ಟಿಯನ್ನು ಹಣೆಗೆ ಬಿಗಿದುಕೊಂಡು ಮೂಟೆಯ ಮೇಲೆ ಬಗ್ಗಿದ್ದ ಗುರುವಯ್ಯನನ್ನು ಅವಳು ಬಹಳ ಹೊತ್ತು ನೋಡಿದಳು. ನೋಡಿದ ರೀತಿ, ಕೊಳ್ಳುವವನು ಒಳ್ಳೆಯ ಮಾಲು ನೋಡುವ ರೀತಿ. ಎರಡು ದಿನ ಬಿಟ್ಟು ಅಪ್ಪನನ್ನೇ ಕರೆದುಕೊಂಡು ಅವನ ಮನೆಗೆ ಬಂದಳು.

"ಗುರುವಯ್ಯ, ನಿಮಗೊಂದು ಕಿವಿ ಮಾಡಿ ಕೊಡಬಹುದು," ಎಂದಳು.

"ಪ್ಲಾಸ್ಟಿಕ್ಕಿಂದಾ?" ಎಂದಳು ಯಲ್ಲಮ್ಮ, ಕಾಫಿ ಲೋಟ ಇಡುತ್ತ.

"ಇಲ್ಲಮ್ಮ, ಜೀವ ಇರೋ ಕಿವಿ. ಇವರ ಬಲಗಿವಿಯಿಂದ ಅಕ್ಕಿಕಾಳಿನಷ್ಟು ಚೂರು ತಗೋತೀವಿ. ಅದರೊಳಗಿನ ಜೀವಕಣಗಳನ್ನ ಗಾಜಿನ ತಟ್ಟೇಲಿ ಆಹಾರ ಹಾಕಿ ಬೆಳೆಸ್ತೀವಿ."

"ನರ್ಸರೀಲಿ ಸಸಿ ಮಾಡ್ದಂಗೆ," ಎಂದರು ಗೌಡರು. ಮಗಳ ವಿದ್ಯೆ ಅವರಿಗೆ ಅರ್ಥವಾಗಿದೆ ಎಂದು ತೋರಿಸಿಕೊಳ್ಳುವ ಆಸೆ.

"ಹಾಗೇ ಅಪ್ಪ. ಬೆಳೆದ ಮೇಲೆ ಅವನ್ನ ಒಂಥರಾ ಲೋಳೇಲಿ ಕಲಸಿ ಮೆಶೀನಿಗೆ ತುಂಬಿದ್ರೆ, ಅದು ಸಣ್ಣ ಮೂತಿಯಿಂದ ಎಳೆ ಎಳೆಯಾಗಿ ಒತ್ತುತ್ತೆ. ಸುತ್ತಿನ ಮೇಲೆ ಸುತ್ತು. ಬಲಗಿವಿ ಚಿತ್ರನ ಕಂಪ್ಯೂಟರಲ್ಲಿ ಕನ್ನಡಿ ಒಳಗಿನ ಹಾಗೆ ತಿರುಗಿಸಿದ್ರೆ ಎಡಗಿವಿಯ ಅಳತೆ ಸಿಗುತ್ತೆ. ಮೆಶೀನು ಆ ಅಳತೆ ನೋಡ್ಕೊಂಡು ಒತ್ತುತ್ತೆ."

"ಚಕ್ಕುಲಿ ಒತ್ತಿದಂಗೆ ಅನ್ನಿ," ಎಂದಳು ಯಲ್ಲಮ್ಮ.

ಸೌಂದರ್ಯ ನಕ್ಕಳು. "ಹೆಚ್ಚುಕಮ್ಮಿ ಅದೇ. ಎಣ್ಣೆಗೆ ಬಿಡಲ್ಲ ಅಷ್ಟೆ." ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಗುರುವಯ್ಯ, ಇದು ಇನ್ನೂ ಪ್ರಯೋಗ. ಪ್ರಾಣಿಗಳಿಗೆ ಮಾಡಿದ್ದೀವಿ. ಮನುಷ್ಯರಲ್ಲಿ ನೀವೇ ಮೊದಲಿನವರು. ಆಗದೇ ಹೋಗಲೂಬಹುದು. ನಿಮಗೆ ಬೇಡ ಅನ್ನಿಸಿದ್ರೆ ಬೇಡ."

ಗುರುವಯ್ಯ ಕೇಳಿದ್ದು ಒಂದೇ ಪ್ರಶ್ನೆ.

"ಕನ್ನಡಕ ನಿಲ್ತದಾ ಅಮ್ಮ?"

"ನಿಲ್ಲಬೇಕು."

"ಹಂಗಾರೆ ಆಗ್ಲಿ ಬಿಡಿ."

ಆ ವರ್ಷವೆಲ್ಲ ಚಾರ್ಮಾಡಿ ಘಾಟಿಯ ತಿರುವುಗಳಲ್ಲೇ ಹೋಯಿತು. ಚೂರು ಕೀಳುವುದಕ್ಕೆ ಒಮ್ಮೆ ಇಳಿದ. ಬೆಳೆಯುತ್ತಿದೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದಾಗ, ಬೇರೆ ಯಾವುದೋ ರಕ್ತ ಪರೀಕ್ಷೆಗೆ ಮತ್ತೊಮ್ಮೆ ಇಳಿದ. ಮೊದಲು ಬೆಳೆಸಿದ್ದು ಕೆಟ್ಟಿತು ಎಂದು ಮತ್ತೆ ಚೂರು ಕೊಡಲು ಹೋದ. ಪ್ರತಿ ಸಲವೂ ಬಸ್ಸಿನಲ್ಲಿ ವಾಂತಿ, ಪ್ರತಿ ಸಲವೂ ಬೆಂಚಿನ ಮೇಲೆ ಕಾಯುವುದು, ಪ್ರತಿ ಸಲವೂ ಹೊಸ ಡಾಕ್ಟರುಗಳು ಬಂದು "ಹೇಗಾಯ್ತು ಇದು?" ಎನ್ನುವುದು. ಆಸ್ಪತ್ರೆಯಲ್ಲಿ ಸುಳ್ಳು ಹೇಳಬಾರದೆಂದು ಅವನು ಬೆಲ್ಟಿನ ಕಥೆಯನ್ನು ಮತ್ತೆ ಮೊದಲಿಂದ ಹೇಳುತ್ತಿದ್ದ. ಒಬ್ಬ ಹುಡುಗ ಡಾಕ್ಟರಂತೂ ಕೊನೆಗೆ, "ಕರಡಿ ಅಂತ ಹೇಳಿದ್ರಲ್ಲ ಯಾರೋ?" ಎಂದು ಬೇಸರಪಟ್ಟ. ಒಮ್ಮೆ ಸೌಂದರ್ಯ ಅವನನ್ನು ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿ ಮೆಶೀನು ತೋರಿಸಿದಳು. ಹೊಲಿಗೆ ಯಂತ್ರದಷ್ಟು ದೊಡ್ಡದು. ಮೂತಿ ಆಚೆ ಈಚೆ ಓಡಾಡುತ್ತಿತ್ತು. ಕೆಳಗೆ ತಟ್ಟೆಯಲ್ಲಿ ಮಂಜುಮಂಜಾದ ಒಂದು ಅರ್ಧಚಂದ್ರ. ತನ್ನದೇ ಮಾಂಸ ತನಗಿಂತ ಮೊದಲೇ ಅಲ್ಲಿ ಮಲಗಿದೆ ಎಂದು ಗುರುವಯ್ಯನಿಗೆ ಒಂದು ಗಳಿಗೆ ವಿಚಿತ್ರವಾಯಿತು. ನಾಲ್ಕು ಗಂಟೆಯ ಬಸ್ಸು ತಪ್ಪುತ್ತದೆ ಎಂಬುದು ನೆನಪಾದ ಮೇಲೆ ಆ ವಿಚಿತ್ರವೂ ಉಳಿಯಲಿಲ್ಲ.

ಎರಡು ಸಾವಿರದ ಎಂಟರ ಮಳೆಗಾಲದ ಕೊನೆಗೆ ಕಿವಿ ತಲೆಗೆ ಬಂತು. ಪಟ್ಟಿ ಬಿಚ್ಚಿದಾಗ ಅದು ಕೆಂಪಗೆ ಎಳೆಮಗುವಿನದರ ಹಾಗಿತ್ತು. ಪಕ್ಕದ ಬಲಗಿವಿ ಬಿಸಿಲು ಕಂಡು ಕರಿದಾಗಿದ್ದರಿಂದ, ಎರಡೂ ಒಂದೇ ಮನುಷ್ಯನವು ಎಂದು ನಂಬುವುದು ಕಷ್ಟವಾಗಿತ್ತು. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ, ಸ್ಪರ್ಶ ಬರಲು ಇನ್ನೂ ಕಾಲ ಬೇಕು ಎಂದರು. ಸೌಂದರ್ಯ ಕೂರಿಸಿಕೊಂಡು ಹೇಳಿದಳು: ಆ ಮಗ್ಗುಲಿಗೆ ಮಲಗಬೇಡಿ, ಬಿಸಿನೀರು ಸೋಕಿಸಬೇಡಿ, ಟವೆಲು ಬಿಗಿಯಬೇಡಿ, ಸಂಕ್ರಾಂತಿಯವರೆಗೆ ಕನ್ನಡಕ ಇಡಬೇಡಿ. ಗುರುವಯ್ಯ ಎಲ್ಲದಕ್ಕೂ ತಲೆ ಆಡಿಸಿದ. ಬಸವರಾಜಪ್ಪನವರ ಹತ್ತಿರ ಹೋಗಿ, ಸಂಕ್ರಾಂತಿ ಆದ ಮೇಲೆ ರೊಬಸ್ಟಾ ಕಾಫಿ ಬರುವ ಹೊತ್ತಿಗೆ ಅಂಗಳಕ್ಕೆ ಬರುತ್ತೇನೆ ಎಂದ. ಅವರು ಕಿವಿಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಫಸ್ಟ್ ಗ್ರೇಡ್ ಮಾಲು ಕಣೋ," ಎಂದರು.

ಊರಿಗೆ ಊರೇ ನೋಡಲು ಬಂತು. ಸುದ್ದಿ ಕಳಸದವರೆಗೂ ಹೋಯಿತು. ಅಲ್ಲಿಂದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಸೋದರಮಾವ ಭೂತಯ್ಯ ಕೋಲೂರಿಕೊಂಡು ಬಸ್ಸಿಳಿದ.

ಭೂತಯ್ಯನಿಗೆ ಆಗ ಎಂಬತ್ತರ ಸುಮಾರು. ಕಳಸದ ಕಡೆಯ ಎಸ್ಟೇಟುಗಳಲ್ಲಿ ಜೀವ ತೇದವನು. ಅವರಲ್ಲಿ ಮಗುವಿಗೆ ಕಿವಿ ಚುಚ್ಚಿಸುವುದು ಸೋದರಮಾವನ ಹಕ್ಕು; ಮಾವನ ತೊಡೆಯ ಮೇಲೆ ಕೂರಿಸಿ, ಮಾವ ತಂದ ಬಂಗಾರವನ್ನೇ ಹಾಕಬೇಕು. ಗುರುವಯ್ಯನ ಕಿವಿ ಚುಚ್ಚುವ ದಿನ ಭೂತಯ್ಯ ತಂದದ್ದು ಹಿತ್ತಾಳೆ. ಬಂಗಾರವೆಂದು ಹೇಳಿಯೂ ಬಿಟ್ಟಿದ್ದ. ಮಳೆಗಾಲ ಬರುವ ಮೊದಲೇ ಮಗುವಿನ ಕಿವಿ ಹಸಿರಾಯಿತು; ಬೇರೆ ಮಾಡಿಸಲು ದುಡ್ಡಿಲ್ಲದೆ ಹಿತ್ತಾಳೆಯೇ ಕಿವಿಯಲ್ಲಿ ಉಳಿಯಿತು. ಅಲ್ಲಿಂದ ಆಚೆಗೆ ಮನೆಯಲ್ಲಿ ಮದುವೆಯಾಗಲಿ ತಿಥಿಯಾಗಲಿ, ಯಾರಾದರೊಬ್ಬರು ಆ ಹಸಿರನ್ನು ಎತ್ತಿ ಆಡದೆ ಊಟ ಮುಗಿಸಿದ್ದಿಲ್ಲ. ನಲವತ್ತು ಚಿಲ್ಲರೆ ವರ್ಷ ಮುದುಕ ತಲೆ ಬಗ್ಗಿಸಿಕೊಂಡು ಉಂಡಿದ್ದ.

ಈಗ ಅವನು ಸೊಂಟದಿಂದ ವಿಕ್ಸ್ ಡಬ್ಬಿ ತೆಗೆದು, ಹತ್ತಿಯಲ್ಲಿ ಸುತ್ತಿದ್ದ, ಕಿವಿಗೆ ಹಾಕುವ ಒಂಟಿಯೊಂದನ್ನು ಅಂಗೈಮೇಲಿಟ್ಟ. ಬಂಗಾರ. ಅನುಮಾನವಿದ್ದರೆ ಉಜ್ಜಿ ನೋಡಬಹುದು ಎನ್ನುವ ಹಾಗೆ ಎಲ್ಲರ ಮುಖಕ್ಕೂ ಹಿಡಿದ.

"ಹೊಸ ಕಿವಿ ಹುಟ್ಟಿದೆ ಅಂದ್ರೆ ನನ್ನ ಹಕ್ಕೂ ಹೊಸದಾಗಿ ಹುಟ್ತಲ್ಲೇನೋ ಗುರುವ?"

"ಡಾಕ್ಟ್ರಮ್ಮ ಬೈತಾರೆ ಮಾವ."

"ಚುಚ್ಚಬ್ಯಾಡ ಅಂದವ್ರಾ?"

ಗುರುವಯ್ಯ ನೆನಪು ಮಾಡಿಕೊಂಡ. ಮಲಗಬೇಡ, ಬಿಸಿನೀರು ಬೇಡ, ಟವೆಲು ಬೇಡ, ಕನ್ನಡಕ ಬೇಡ. ಚುಚ್ಚುವುದರ ಮಾತು ಬಂದಿರಲಿಲ್ಲ. ಕನ್ನಡಕವನ್ನೇ ಇಡಬೇಡಿ ಎಂದವರು ಸೂಜಿಗೆ ಒಪ್ಪುತ್ತಾರೆಯೇ ಎಂದು ಅವನ ಬುದ್ಧಿ ಹೇಳಿತು. ಆದರೆ ಮುದುಕ ಒಂಟಿಯನ್ನು ಡಬ್ಬಿಗೆ ಮರಳಿಸದೆ ಅಂಗೈ ಚಾಚಿಯೇ ಇದ್ದ. ಬೇಡ ಎಂದರೆ ಯಾಕೆ ಎಂದು ಹೇಳಬೇಕು, ಹೇಳಿದ್ದನ್ನೇ ಇನ್ನೊಮ್ಮೆ ಹೇಳಬೇಕು, ಯಲ್ಲಮ್ಮನಿಗೂ ಹೇಳಬೇಕು. ಆ ವರ್ಷ ಅವನು ಹೇಳಿ ಹೇಳಿ ದಣಿದಿದ್ದ.

"ಆಗ್ಲಿ ಬಿಡು ಮಾವ," ಎಂದ.

ಅಕ್ಕಸಾಲಿ ನಾಗೇಶನನ್ನು ಕರೆಸಿದರು. ಯಲ್ಲಮ್ಮ ಅರಿಸಿನ, ಎಣ್ಣೆ, ಎಲೆ ಅಡಿಕೆ ತಂದಿಟ್ಟಳು. ತೊಡೆಯ ಮೇಲೆ ಕೂರಿಸಿಕೊಳ್ಳಲು ಆಗದಿದ್ದರೂ ಭೂತಯ್ಯ ಅಳಿಯನನ್ನು ಮಗ್ಗುಲಿಗೆ ಕೂರಿಸಿ ಭುಜ ಹಿಡಿದ. ನಾಗೇಶ ಹಾಲೆಯನ್ನು ಬೆರಳಲ್ಲಿ ಒತ್ತಿ ನೋಡಿ ಹಿಂದೆ ಸರಿದ.

"ಇದೇನು, ಒಳಗೆ ಗಟ್ಟಿ ಇದೆಯಲ್ಲ ಮಾರಾಯ? ಕಿವಿ ಥರಾನೇ ಇಲ್ಲ."

"ಚುಚ್ಚೋ, ಸಾಕು. ನಿನ್ನೇನು ಅದನ್ನ ಕೊಂಡ್ಕೋ ಅಂದ್ರಾ?" ಎಂದ ಭೂತಯ್ಯ.

ಸೂಜಿ ಹೋಯಿತು. ಗುರುವಯ್ಯನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನೋವಾಯ್ತಾ?"

"ಇಲ್ಲ ಮಾವ."

"ನೋಡಿ! ಅವತ್ತು ಹಿತ್ತಾಳೆ ಹಾಕ್ದಾಗ ಊರು ಕಿತ್ತು ಹೋಗೋ ಹಂಗೆ ಕಿರುಚಿದ್ದ," ಎಂದು ಭೂತಯ್ಯ ಅವತ್ತು ಮೊದಲ ಬಾರಿಗೆ ಹಿತ್ತಾಳೆಯ ಹೆಸರನ್ನು ತಾನಾಗಿಯೇ ಎತ್ತಿ, ಬೊಚ್ಚುಬಾಯಿ ತುಂಬ ನಕ್ಕ.

ನೋವಾಗದ್ದೇ ಮುಳುವಾಯಿತು. ಒಳಗೆ ಕೀವು ಕಟ್ಟಿದರೂ ಗುರುವಯ್ಯನಿಗೆ ತಿಳಿಯಲಿಲ್ಲ. ಯಲ್ಲಮ್ಮನ ಮೂಗಿಗೆ ಮೊದಲು ತಿಳಿಯಿತು. ಅವಳು ಅರಿಸಿನ ಹಚ್ಚಿದಳು, ಬೇವು ಅರೆದು ಹಚ್ಚಿದಳು. ಜ್ವರ ಬಂದ ಮೇಲೆ ಇಬ್ಬರೂ ಘಾಟಿ ಇಳಿದರು.

ಸೌಂದರ್ಯ ಪಟ್ಟಿ ಬಿಚ್ಚಿದವಳು ದೀಪವನ್ನು ಹತ್ತಿರಕ್ಕೆಳೆದು ಒಂಟಿಯನ್ನು ನೋಡಿದಳು.

"ಇದೇನಿದು?"

"ಸೋದರಮಾವ ಹಾಕಿಸಿದ್ದಮ್ಮ. ಬಂಗಾರದ್ದೇ."

ಅವಳ ಕೈ ತನ್ನ ಓಲೆಯ ಮೇಲೆ ಹೋಯಿತು. ಅದೂ ಮಾವ ಹಾಕಿಸಿದ್ದೇ. "ಎಲ್ಲ ಹೇಳಿದೆ, ಇದೊಂದು ಹೊಳೀಲಿಲ್ಲ ನೋಡಿ," ಎಂದಳು ಮೆಲ್ಲಗೆ. ಹಿಂದೆ ನಿಂತಿದ್ದ ದೊಡ್ಡ ಡಾಕ್ಟರು ಇಂಗ್ಲಿಷಿನಲ್ಲಿ ಕೂಗಾಡತೊಡಗಿದರು. ಗುರುವಯ್ಯನಿಗೆ ಅರ್ಥವಾಗಲಿಲ್ಲ, ಆದರೆ ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರೂ ಫೋನಿನಲ್ಲಿ ಇದೇ ರಾಗದಲ್ಲಿ ಕೂಗುತ್ತಿದ್ದುದರಿಂದ ತಾತ್ಪರ್ಯ ತಿಳಿಯಿತು.

ಕಿವಿಯ ಕೆಳಗಿನ ಅರ್ಧಕ್ಕೂ ಹೆಚ್ಚು ಕತ್ತರಿಸಿ ತೆಗೆಯಬೇಕಾಯಿತು. ಮೇಲಿನದು ತಲೆಗೆ ಹತ್ತಿಕೊಂಡ ಕಡೆ ಜೀವ ಹಿಡಿದಿತ್ತು, ಅದನ್ನು ಉಳಿಸಿದರು. ಗಾಯ ಒಣಗಿದ ಮೇಲೆ ಸೌಂದರ್ಯ ಮಂಚದ ಹತ್ತಿರ ಬಂದು ಕೂತಳು.

"ಗುರುವಯ್ಯ, ಕಣಗಳನ್ನ ಉಳಿಸಿಟ್ಟಿದ್ದೀವಿ. ಮುಂದಿನ ವರ್ಷ ಇನ್ನೊಂದು ಒತ್ತಬಹುದು. ಈ ಸಲ ಇನ್ನೂ ಚೆನ್ನಾಗಿ ಬರುತ್ತೆ."

"ಬ್ಯಾಡಮ್ಮ. ಆ ಘಾಟಿ ನೆನೆಸಿದ್ರೇ ಹೊಟ್ಟೆ ತೊಳಸ್ತದೆ."

"ಇದು ಅರ್ಧಕ್ಕೆ ನಿಂತು ಹೋದ ಹಾಗೆ ಆಯ್ತಲ್ಲ?"

ಗುರುವಯ್ಯ ಯಲ್ಲಮ್ಮನ ಚೀಲದಿಂದ ಕನ್ನಡಕ ತರಿಸಿದ. ಬಲಗಿವಿಗೆ ಒಂದು ಕಡ್ಡಿ ಸಿಕ್ಕಿಸಿ, ಇನ್ನೊಂದನ್ನು ಎಡಗಡೆ ಉಳಿದ ತುಂಡಿನ ಹಿಂದೆ ಮೆಲ್ಲಗೆ ಇಳಿಸಿದ. ಮಂಚದಿಂದ ಇಳಿದು, ಮೂಟೆಯ ಮೇಲೆ ಬಗ್ಗುವ ಹಾಗೆ ಸೊಂಟದಿಂದ ಪೂರ್ತಿ ಬಗ್ಗಿದ. ತಲೆ ಸುತ್ತು ಬಂತೆಂದು ನರ್ಸು ಓಡಿ ಬಂದು ತೋಳು ಹಿಡಿದಳು. ಅವನು ಹಾಗೇ ನೆಲ ನೋಡುತ್ತ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದ. ಕನ್ನಡಕ ಅಲುಗಲಿಲ್ಲ. ವಾರ್ಡಿನ ನೆಲದಲ್ಲಿ ಇರುವೆಯೊಂದು ಸಾಲು ತಪ್ಪಿ ಹೋಗುತ್ತಿತ್ತು. ಅದರ ಕಾಲುಗಳು ಕೂಡ ಕಂಡವು.

"ಗೂಟ ಉಳೀತಲ್ಲ, ಸಾಕು," ಎಂದ.

ಊರಿಗೆ ಬಂದಾಗ, ಸುದ್ದಿ ಕೇಳಿ ಕಳಸದಿಂದ ಬಂದಿದ್ದ ಭೂತಯ್ಯ ಜಗಲಿಯ ಮೇಲೆ ಕೂತಿದ್ದ. ಯಾರು ಏನು ಹೇಳಿದ್ದರೋ, ಮುದುಕ ಆ ಕೆಲವು ವಾರಗಳಲ್ಲಿ ಇನ್ನಷ್ಟು ಸಣ್ಣಗಾಗಿದ್ದ. ತಲೆ ಎತ್ತಲಿಲ್ಲ. ಗುರುವಯ್ಯ ಪಕ್ಕದಲ್ಲಿ ಕುಸಿದು ಕೂತು ಬೀಡಿ ಹಚ್ಚಿದ.

"ಮೆಶೀನು ಒತ್ತುವಾಗ್ಲೇ ಕೆಳಗಡೆ ಕಮ್ಮಿ ಬಿದ್ದಿತ್ತಂತೆ ಮಾವ. ಅದಕ್ಕೇ ಕೊಳೀತಂತೆ."

ಭೂತಯ್ಯ ಆಗ ತಲೆ ಎತ್ತಿದ. "ನಾಗೇಶ ಅವತ್ತೇ ಅಂದ, ಕಿವಿ ಥರ ಇಲ್ಲ ಅಂತ," ಎಂದ.

"ಅಂದ, ಅಂದ."

ನಾಗೇಶನನ್ನು ಮತ್ತೆ ಕರೆಸಿ ಬಲಗಿವಿಯ ಹಳೆಯ ಹಿತ್ತಾಳೆ ತೆಗೆಸಿದರು. ಭೂತಯ್ಯ ತನ್ನ ಕೈಯಾರೆ ಬಂಗಾರದ ಒಂಟಿಯನ್ನು ಅಲ್ಲಿಗೆ ಹಾಕಿ ಮಧ್ಯಾಹ್ನದ ಬಸ್ಸಿಗೆ ಕಳಸಕ್ಕೆ ಹೋದ. ಹೋಗುವ ದಾರಿಯಲ್ಲೆಲ್ಲ ಮೆಶೀನಿನ ದೋಷವನ್ನು ಹಂಚಿಕೊಂಡೇ ಹೋದನೆಂದು ಕಾಣುತ್ತದೆ; ಕೃಷ್ಣಪ್ಪಗೌಡರ ತೋಟದ ಆಳುಗಳವರೆಗೂ ಅದು ಮುಟ್ಟಿತು. ಸೌಂದರ್ಯ ಊರಿಗೆ ಬಂದಾಗ ಮನೆಯ ಕೆಲಸದಾಕೆಯೇ, "ಮೆಶೀನು ರಿಪೇರಿ ಆಯ್ತಾ ಅಮ್ಮ?" ಎಂದು ಕನಿಕರದಿಂದ ಕೇಳಿದಳಂತೆ. ಅವಳು ಹೂಂ, ಆಗ್ತಾ ಇದೆ ಎಂದಳಂತೆ.

ಶಿವರಾತ್ರಿಯ ಆಸುಪಾಸಿಗೆ ಗುರುವಯ್ಯ ಅಂಗಳಕ್ಕೆ ಹೋದ. ರೊಬಸ್ಟಾ ರಾಶಿರಾಶಿಯಾಗಿ ಬಂದು ಬೀಳುವ ಕಾಲ. ಬಸವರಾಜಪ್ಪನವರು ಅರ್ಧ ಕಿವಿಯನ್ನು ನೋಡಿ ಬಾಯಿ ತೆರೆದವರು, ಬೆಳೆಗಾರರಿದ್ದಾರೆಂದು ಮುಚ್ಚಿಕೊಂಡರು. ಮೊದಲು ನಿಂತಿದ್ದದ್ದು ಕೃಷ್ಣಪ್ಪಗೌಡರ ಜೀಪು. ಗೌಡರು ಖುದ್ದಾಗಿ ಬಂದಿದ್ದರು, ಎದೆ ಸ್ವಲ್ಪ ಮುಂದಕ್ಕೇ ಇತ್ತು.

ಗುರುವಯ್ಯ ಕನ್ನಡಕ ಏರಿಸಿ ಬಗ್ಗಿದ. ಕೊಳವೆ ಚುಚ್ಚಿ ಕಾಳು ಸುರಿದುಕೊಂಡ. ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದ, ಎರಡನೇ ಮೂಟೆಗೆ ಹೋದ, ಮೂರನೆಯದಕ್ಕೂ ಹೋಗಿ ಬಂದ. ಬಸವರಾಜಪ್ಪನವರ ಕಡೆ ತಿರುಗಿ, ಬೇಸರದ ದನಿಯಲ್ಲಿ ಹೇಳಿದ:

"ಹುಳ ಇದೆ ಸಾವ್ಕಾರ್ರೆ. ಎಲ್ಲ ಮೂಟೇಲೂ ಇದೆ."

ಗೌಡರ ಮುಖ ಕೆಂಪಾಯಿತು. "ಏನೋ? ನನ್ನ ಮಗಳು ಕೊಟ್ಟ ಕಿವಿ ಮೇಲೆ ಕನ್ನಡಕ ಇಟ್ಕೊಂಡು ನನ್ನ ಕಾಫೀಲೇ ತೂತು ಹುಡುಕ್ತೀಯಾ ಮಾರಾಯ?"

"ತೂತು ನಾನು ಮಾಡಿದ್ದಲ್ಲ ಗೌಡ್ರೆ," ಎಂದ ಗುರುವಯ್ಯ. ಅಂಗೈ ಚಾಚಿ ಕಾಳನ್ನು ಅವರ ಮೂಗಿನ ಹತ್ತಿರಕ್ಕೆ ಹಿಡಿದ. ಗೌಡರು ಕಣ್ಣು ಕಿರಿದು ಮಾಡಿದರು, ತಲೆ ಹಿಂದಕ್ಕೆಳೆದರು, ಮತ್ತೆ ಮುಂದಕ್ಕೆ ತಂದರು. ಅವರಿಗೂ ವಯಸ್ಸಾಗಿತ್ತು; ಏನೂ ಕಾಣಲಿಲ್ಲ. ಕೊನೆಗೆ ಅವನ ಮುಖವನ್ನೇ ನೋಡಿದರು.

"ಇದೆಯೇನೋ ನಿಜವಾಗ್ಲೂ?"

"ಇದೆ ಗೌಡ್ರೆ."

ಬಸವರಾಜಪ್ಪನವರು ದರ ಇಳಿಸಿ ಹೇಳಿದರು. ಗೌಡರು ಬೈದರೂ ಮೂಟೆ ವಾಪಸ್ಸು ಹೊರಿಸಲಿಲ್ಲ. ಗುರುವಯ್ಯ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಮುಂದಿನ ಜೀಪಿನವನಿಗೆ ಮೂಟೆ ಇಳಿಸುವಂತೆ ಕೈ ಮಾಡಿದ.